ಕಣಜವಿಲ್ಲದ ಮನೆಯ ಬೆಳೆ: ಭೂತಾನಿನ ಕರೆಂಟಿನ ಲೆಕ್ಕ

ಭೂತಾನ್ ಎಂದರೆ ತೀರ್ಥಹಳ್ಳಿ, ಕೊಪ್ಪ, ಶಿರಸಿ ಕಡೆಯವರಿಗೆ ಮೊದಲು ನೆನಪಾಗುವುದು ಹಿಮಾಲಯವಲ್ಲ, ಹಸಿ ಅಡಿಕೆ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಭೂತಾನಿನಿಂದ ತರಿಸಲು ಒಪ್ಪಿಗೆ ಕೊಟ್ಟಾಗ ಮಲೆನಾಡಿನಲ್ಲಿ ಎದ್ದ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಆದರೆ ಆ ಪುಟ್ಟ ದೇಶ ನಮಗೆ ಮಾರುವ ದೊಡ್ಡ ಬೆಳೆ ಅಡಿಕೆಯಲ್ಲ, ಕರೆಂಟು. ಬೆಳೆ ಎಂದು ಬೇಕೆಂದೇ ಬರೆದೆ. ಮಳೆ ಬಂದಾಗ ತುಂಬಿ ತುಳುಕುತ್ತದೆ, ಚಳಿ ಬಿದ್ದಾಗ ಮನೆಯ ಊಟಕ್ಕೂ ಸಾಲುವುದಿಲ್ಲ. ಸುಗ್ಗಿಯಲ್ಲಿ ಎಲ್ಲರೂ ಮಾರುವ ಹೊತ್ತಿಗೆ ಮಾರಿ, ಆಷಾಢದಲ್ಲಿ ಅಂಗಡಿಯಿಂದ ಅಕ್ಕಿ ತರುವ ರೈತನ ಪಾಡು ಏನೋ, ಭೂತಾನಿನ ವಿದ್ಯುತ್ತಿನ ಪಾಡೂ ಅದೇ.

ಗಾತ್ರದ ಅಂದಾಜು ಮೊದಲು. 2017ರ ಜನಗಣತಿಯ ಪ್ರಕಾರ ಭೂತಾನಿನ ಜನಸಂಖ್ಯೆ 7,27,145. ನಮ್ಮ ಮೈಸೂರು ನಗರವೊಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ವಿಸ್ತೀರ್ಣ 38,394 ಚದರ ಕಿಲೋಮೀಟರ್, ಕರ್ನಾಟಕದ ಐದನೇ ಒಂದು ಪಾಲು. ಇಷ್ಟು ಜನರಿಗೆ ಇಂದು ಸುಮಾರು 3,500 ಮೆಗಾವ್ಯಾಟ್ ಸಾಮರ್ಥ್ಯದ ಜಲವಿದ್ಯುತ್ ಸ್ಥಾವರಗಳಿವೆ. ತಲಾ ಲೆಕ್ಕ ಹಾಕಿದರೆ ಜಗತ್ತಿನ ಸಿರಿವಂತ ದೇಶಗಳೂ ನಾಚಬೇಕು. ಅದಕ್ಕೇ ಶುದ್ಧ ಇಂಧನದ ಮಾತು ಬಂದಲ್ಲೆಲ್ಲ ಭೂತಾನಿನ ಹೆಸರು ಬರುತ್ತದೆ. ಆದರೆ ಅದೇ ದೇಶ 2022ರ ಜನವರಿಯಲ್ಲಿ ಭಾರತದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ, ಅಂದರೆ ಕರೆಂಟಿನ ಪೇಟೆಯಲ್ಲಿ, ಗಿರಾಕಿಯಾಗಿ ನಿಂತಿತು, ಆಮೇಲಿನ ಚಳಿಗಾಲಗಳಲ್ಲೂ ನಿಂತಿದೆ. ಸಾಮರ್ಥ್ಯದ ಪಟ್ಟಿ ನೋಡಿದವರಿಗೆ ಇದು ಒಗಟು. ಹೊಳೆ ನೋಡಿದವರಿಗೆ ಅಲ್ಲ.

ಶರಾವತಿಯನ್ನು ಕಂಡ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಭೂತಾನಿನ ತಾಲಾ ಸ್ಥಾವರದ್ದು 1,020. ಕಾಗದದ ಮೇಲೆ ಅವಳಿಗಳು. ಆದರೆ ಶರಾವತಿಯ ಬೆನ್ನಿಗೆ ಲಿಂಗನಮಕ್ಕಿ ಇದೆ, ಅದರ ಹೊಟ್ಟೆಯಲ್ಲಿ ಸುಮಾರು 151 ಟಿಎಂಸಿ ನೀರು ಹಿಡಿಯುತ್ತದೆ. ಆಗಸ್ಟಿನಲ್ಲಿ ಬಿದ್ದ ಮಳೆಯನ್ನು ಏಪ್ರಿಲಿನ ಪರೀಕ್ಷೆ ದಿನಗಳಿಗೆ ಕಾದಿಡಬಹುದು. ತಾಲಾಕ್ಕೆ ಆ ಭಾಗ್ಯವಿಲ್ಲ. ವಾಂಗ್‌ಛು ಹೊಳೆಗೆ ವಾಂಗ್ಖಾ ಎಂಬಲ್ಲಿ 92 ಮೀಟರ್ ಎತ್ತರದ ಕಟ್ಟೆಯೇನೋ ಇದೆ. ಆದರೆ ಕಡಿದಾದ ಕಣಿವೆಯಲ್ಲಿ ಅದರ ಹಿಂದೆ ನಿಲ್ಲುವ ನೀರು ದಿನದ ಕೆಲವು ತಾಸುಗಳಿಗೆ ಸಾಕು, ತಿಂಗಳುಗಳಿಗಲ್ಲ. ಹೊಳೆ ಎಷ್ಟು ತಂದಿತೋ ಅಷ್ಟು ತಿರುಗಿಸು, ಮುಂದೆ ಬಿಡು. ಭೂತಾನಿನ ದೊಡ್ಡ ಸ್ಥಾವರಗಳೆಲ್ಲ ಈ ಬಗೆಯವು. ಮನೆ ದೊಡ್ಡದು, ಗದ್ದೆ ದೊಡ್ಡದು, ಕಣಜ ಮಾತ್ರ ಇಲ್ಲ.

ತಾಲಾ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಟ್ಟೆಯ ಬಳಿ ಹೊಳೆಯ ನೀರು ಮೊದಲು ಬೆಟ್ಟದೊಳಗೆ ಕೊರೆದ ದೊಡ್ಡ ಕೋಣೆಗಳಿಗೆ ಹೋಗುತ್ತದೆ. ಅಲ್ಲಿ ಅದರ ಓಟ ನಿಧಾನವಾಗಿ ಮರಳು ತಳಕ್ಕೆ ಕೂರಬೇಕು. ಹಿಮಾಲಯದ ಮರಳೆಂದರೆ ಬೆಣಚುಕಲ್ಲಿನ ಪುಡಿ, ಉಪ್ಪುಕಾಗದದ ಗುಣದ್ದು. ಕೂತ ಮರಳನ್ನು ಕೆಳಗಿನ ಕಿಂಡಿಯಿಂದ ಮತ್ತೆ ಹೊಳೆಗೇ ತೊಳೆದು ಬಿಡುತ್ತಾರೆ. ತಿಳಿಯಾದ ನೀರು ಸುಮಾರು 23 ಕಿಲೋಮೀಟರ್ ಉದ್ದದ ಸುರಂಗ ಹಿಡಿದು ಬೆಟ್ಟದ ಇನ್ನೊಂದು ಮಗ್ಗುಲಿಗೆ ಬಂದು 800 ಮೀಟರಿಗೂ ಹೆಚ್ಚು ಆಳಕ್ಕೆ ಬೀಳುತ್ತದೆ. ಜೋಗದ ಎತ್ತರದ ಮೂರು ಪಟ್ಟಿಗೂ ಮಿಗಿಲು. ಆ ರಭಸದ ನೀರಿನ ಚಿಮ್ಮು ಟರ್ಬೈನಿನ ಬಟ್ಟಲುಗಳಿಗೆ ಬಡಿಯುತ್ತದೆ. 170 ಮೆಗಾವ್ಯಾಟಿನ ಆರು ಯಂತ್ರಗಳು. ಮಳೆಗಾಲದಲ್ಲಿ ಕೋಣೆಗಳಲ್ಲಿ ಕೂರದೆ ಉಳಿದ ಸಣ್ಣ ಮರಳು ಆ ಬಟ್ಟಲುಗಳನ್ನು ತಿಂದು ಹಾಕುತ್ತದೆ. ಕರೆಂಟು ಜಾಸ್ತಿ ಬರುವ ಕಾಲವೇ ಯಂತ್ರ ಸವೆಯುವ ಕಾಲ.

ಚಳಿಗಾಲದಲ್ಲಿ? ಮೇಲೆ ಹಿಮ ಹೆಪ್ಪುಗಟ್ಟಿ ಕೂತಿರುತ್ತದೆ, ಮಳೆಯಿಲ್ಲ, ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತದೆ. ಜನವರಿ, ಫೆಬ್ರವರಿಯಲ್ಲಿ ಉತ್ಪಾದನೆ ಸಾಮರ್ಥ್ಯದ ಐದನೇ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಆರು ಯಂತ್ರಗಳಲ್ಲಿ ಒಂದೋ ಎರಡೋ ತಿರುಗಿದರೆ ಪುಣ್ಯ. ಮತ್ತು ರಾಜಧಾನಿ ಥಿಂಫುವಿನಲ್ಲಿ ರಾತ್ರಿಯ ಉಷ್ಣಾಂಶ ಸೊನ್ನೆಯ ಕೆಳಗಿಳಿದು ಮನೆಮನೆಯ ಹೀಟರು ಉರಿಯುವುದು ಇದೇ ತಿಂಗಳುಗಳಲ್ಲಿ.

ಈ ವ್ಯವಸ್ಥೆ ಹೀಗೇಕೆ ಬೆಳೆಯಿತು ಎಂದು ಕೇಳಿದರೆ ಉತ್ತರ ದಕ್ಷಿಣದಲ್ಲಿದೆ, ಅಂದರೆ ಭಾರತದಲ್ಲಿ. ಭೂತಾನ್ ಕಂಡ ಮೊದಲ ಕರೆಂಟಿಗೂ ನಮ್ಮ ನಂಟಿದೆ. 1961ರ ಜಲಢಾಕಾ ಒಪ್ಪಂದದಲ್ಲಿ ಪಶ್ಚಿಮ ಬಂಗಾಳದ ಸ್ಥಾವರದಿಂದ ಗಡಿಯಾಚೆಗೆ ಒಂದಿಷ್ಟು ವಿದ್ಯುತ್ ಕೊಡುವ ಮಾತಾಗಿತ್ತು. 1966ರಲ್ಲಿ ಗಡಿಯ ಫುಂಟ್‌ಶೋಲಿಂಗ್‌ನಲ್ಲಿ ಡೀಸೆಲ್ ಜನರೇಟರ್ ಬಂತು, 1967ರಲ್ಲಿ ಥಿಂಫುವಿಗೆ 360 ಕಿಲೋವ್ಯಾಟಿನ ಪುಟ್ಟ ಜಲವಿದ್ಯುತ್ ಘಟಕ. ಒಂದು ದೊಡ್ಡ ಅಕ್ಕಿ ಗಿರಣಿ ನಡೆಸುವಷ್ಟು ಶಕ್ತಿಯಲ್ಲಿ ಒಂದು ರಾಜಧಾನಿ ಬೆಳಗಬೇಕಿತ್ತು. ಅಲ್ಲಿಂದ ಇಪ್ಪತ್ತೇ ವರ್ಷಕ್ಕೆ, 1986ರಿಂದ 1988ರ ನಡುವೆ, 336 ಮೆಗಾವ್ಯಾಟಿನ ಚುಖಾ ಶುರುವಾಯಿತು. ದೇಶದ ಹಣೆಬರಹ ಬದಲಾದದ್ದು ಅದರಿಂದ.

ಚುಖಾಕ್ಕೆ ತಗುಲಿದ ಖರ್ಚು 246 ಕೋಟಿ ರೂಪಾಯಿ. ಅದರಲ್ಲಿ ಶೇ 60ನ್ನು ಭಾರತ ಅನುದಾನವಾಗಿ ಕೊಟ್ಟಿತು, ಉಳಿದ ಶೇ 40 ಸಾಲ, ಬಡ್ಡಿ ಶೇ 5. ಮನೆಯಲ್ಲಿ ಬಳಸಿ ಉಳಿದದ್ದೆಲ್ಲ ಭಾರತಕ್ಕೆ, ಮೊದಲೇ ಒಪ್ಪಿದ ದರದಲ್ಲಿ. ಅಡಿಕೆ ತೋಟದವರಿಗೆ ಇದು ಗೊತ್ತಿರುವ ವ್ಯವಹಾರ. ಅಡಿಕೆಯ ಕೊನೆ ಮರದಲ್ಲಿರುವಾಗಲೇ ಇಡೀ ಫಸಲನ್ನು ಮೊದಲೇ ಗೊತ್ತಾದ ದರಕ್ಕೆ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಂತೆ. ಪೇಟೆಯ ಏರಿಳಿತದ ತಲೆಬಿಸಿ ಇಲ್ಲ, ಪೇಟೆ ಏರಿದಾಗಿನ ಲಾಭವೂ ಇಲ್ಲ. ಬಂಡವಾಳ, ಎಂಜಿನಿಯರು, ಗಿರಾಕಿ ಮೂರೂ ಒಬ್ಬರೇ ಆಗಿದ್ದಾಗ ದರದ ಚೌಕಾಸಿಗೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ಓದುಗರೇ ಊಹಿಸಬಹುದು. ಹಾಗಂತ ಭೂತಾನ್ ಮೋಸಹೋಯಿತು ಎನ್ನುವುದು ನನ್ನ ವಾದವಲ್ಲ. ಆ ಚೇಣಿಯ ದುಡ್ಡಿನಿಂದಲೇ ಅಲ್ಲಿ ಶಾಲೆ, ಆಸ್ಪತ್ರೆ, ರಸ್ತೆ ಎದ್ದವು. ಕಡಿದಾದ ಬೆಟ್ಟದ ಒಂಟಿ ಮನೆಗೂ ತಂತಿ ಮುಟ್ಟಿತು. ಗ್ರಾಮೀಣ ಮನೆಗಳಿಗೆ ತಿಂಗಳಿಗೆ 100 ಯೂನಿಟ್ ಉಚಿತ ಕೊಡುವ ಯೋಜನೆ ಅಲ್ಲಿ ಶುರುವಾದದ್ದು 2013ರಲ್ಲಿ, ನಮ್ಮ ಗೃಹಜ್ಯೋತಿಗಿಂತ ಹತ್ತು ವರ್ಷ ಮೊದಲು.

ಆದರೆ ಚೇಣಿಯ ಷರತ್ತು ವರ್ಷ ಹೋದಂತೆ ಬಿಗಿಯಾಯಿತು. ತಾಲಾಕ್ಕೂ ಅನುದಾನ 60, ಸಾಲ 40 ಎಂಬ ಪಾಲೇ ಇತ್ತು, ಬಡ್ಡಿ ಮಾತ್ರ ಶೇ 9ಕ್ಕೆ ಏರಿತು. 2019ರಲ್ಲಿ ಉದ್ಘಾಟನೆಯಾದ 720 ಮೆಗಾವ್ಯಾಟಿನ ಮಾಂಗ್ಡೆಛು ಹೊತ್ತಿಗೆ ಪಾಲು ತಲೆಕೆಳಗಾಗಿತ್ತು: ಅನುದಾನ 30, ಸಾಲ 70, ಬಡ್ಡಿ ಶೇ 10. ಅದರ ಕರೆಂಟಿಗೆ ಒಪ್ಪಿದ ದರ ಯೂನಿಟ್ಟಿಗೆ 4 ರೂಪಾಯಿ 12 ಪೈಸೆ. ಇಂದು ಭೂತಾನಿನ ವಿದೇಶಿ ಸಾಲ ಅದರ ವಾರ್ಷಿಕ ಒಟ್ಟು ಉತ್ಪನ್ನವನ್ನೂ ಮೀರಿದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಸ್ಥಾವರಗಳದ್ದು. ಸಾಲವೂ ರೂಪಾಯಿಯಲ್ಲಿ, ಆದಾಯವೂ ರೂಪಾಯಿಯಲ್ಲಿ ಎಂಬುದೊಂದು ಸಮಾಧಾನ. ಯೋಜನೆ ಹೇಳಿದ ವರ್ಷಕ್ಕೆ ಮುಗಿದರೆ ಆ ಸಮಾಧಾನ ಸಾಕಾಗುತ್ತದೆ.

ಮುಗಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪುನಾತ್ಸಾಂಗ್‌ಛು ಕಣಿವೆ ಇದೆ. ಇದು ನಿಧಾನವಾಗಿ ಹೇಳಬೇಕಾದ ಕಥೆ. 2009ರಲ್ಲಿ ಎರಡೂ ದೇಶಗಳು 2020ರೊಳಗೆ 10,000 ಮೆಗಾವ್ಯಾಟ್ ಕಟ್ಟುವ ಪಣ ತೊಟ್ಟವು. ಅದರ ಮುಂಚೂಣಿಯಲ್ಲಿದ್ದದ್ದು ವಾಂಗ್ಡಿ ಪೇಟೆಯ ಕೆಳಗಿನ ಹೊಳೆಯ ಮೇಲೆ ಒಂದರ ಕೆಳಗೊಂದು ನಿಲ್ಲಬೇಕಿದ್ದ ಎರಡು ಸ್ಥಾವರಗಳು: 1,200 ಮೆಗಾವ್ಯಾಟಿನ ಮೊದಲನೆಯದು, 1,020 ಮೆಗಾವ್ಯಾಟಿನ ಎರಡನೆಯದು. ಮೊದಲನೆಯದರ ಕೆಲಸ 2008ರಲ್ಲಿ ಶುರುವಾಯಿತು. ಕಟ್ಟೆಯ ಅಡಿಪಾಯಕ್ಕೆ ಅಗೆಯುತ್ತಿದ್ದಾಗ, 2013ರ ಜುಲೈನಲ್ಲಿ, ಬಲದಂಡೆಯ ಗುಡ್ಡ ಜಾರಲು ತೊಡಗಿತು. ಕೊಡಗಿನವರಿಗೆ, ಶಿರಾಡಿ ಘಾಟಿಯಲ್ಲಿ ಓಡಾಡುವವರಿಗೆ ಗುಡ್ಡ ಜಾರುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಬುಡ ಕಡಿದರೆ ಮೇಲಿನದು ಕೆಳಗೆ ಬರುತ್ತದೆ. ಆದರೆ ಇಲ್ಲಿ ಜಾರುತ್ತಿದ್ದದ್ದು ರಸ್ತೆ ಬದಿಯ ದಿಣ್ಣೆಯಲ್ಲ, ಇಡೀ ಒಂದು ಬೆಟ್ಟದ ಪಕ್ಕೆ. ಕಬ್ಬಿಣದ ಸರಳು ಹೊಡೆದರು, ಸಿಮೆಂಟು ತುಂಬಿದರು, ಮೇಲಿನ ಮಣ್ಣು ಹೊತ್ತು ಇಳಿಸಿದರು. ಗುಡ್ಡ ಪೂರ್ತಿ ನಿಲ್ಲಲಿಲ್ಲ. ಅದೇ ಜಾಗದಲ್ಲಿ ಕಟ್ಟೆ ಎಬ್ಬಿಸಬಹುದೇ, ಮೇಲ್ಗಡೆ ಸಣ್ಣ ತಡೆಗೋಡೆಗೆ ತೃಪ್ತಿಪಡಬೇಕೇ ಎಂಬ ಚರ್ಚೆಯಲ್ಲೇ ವರ್ಷಗಳು ಹೋದವು. ಸುರಂಗ ಸಿದ್ಧ, ವಿದ್ಯುದಾಗಾರ ಸಿದ್ಧ, ನೀರು ತಿರುಗಿಸುವ ಕಟ್ಟೆಯೇ ಇಲ್ಲ. ಮದುವೆ ಮಂಟಪ, ಅಡುಗೆ, ವಾಲಗ ಎಲ್ಲ ಬಂದು ಕೂತು ಗಂಡೇ ಬಾರದ ಹಾಗೆ. ಸುಮಾರು 3,500 ಕೋಟಿಯಲ್ಲಿ ಮುಗಿಯಬೇಕಿದ್ದ ಯೋಜನೆಯ ಅಂದಾಜು 9,300 ಕೋಟಿ ದಾಟಿತು. ಕಟ್ಟೆಯ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವ ಒಪ್ಪಿಗೆ ಆದದ್ದು 2025ರ ಕೊನೆಯಲ್ಲಿ.

ಎರಡನೆಯದರ ದಾರಿಯೂ ಹೂವಿನದಲ್ಲ. 2016ರ ಮಾರ್ಚ್‌ನಲ್ಲಿ ನೆಲದೊಳಗಿನ ಒಂದು ಗುಹಾಕೋಣೆಯ ಚಾವಣಿ ಕುಸಿದು ಆರು ಕಾರ್ಮಿಕರು ಸತ್ತರು. ಕೊನೆಗೂ 2024ರ ಡಿಸೆಂಬರಿನಿಂದ ಯಂತ್ರಗಳು ಒಂದೊಂದಾಗಿ ತಿರುಗಿ, 2025ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಅದರಿಂದ ದೇಶದ ಸಾಮರ್ಥ್ಯ ಒಮ್ಮೆಲೇ ಶೇ 40ರಷ್ಟು ಏರಿದೆ. ಪತ್ರಿಕೆಗಳ ತಲೆಬರಹಕ್ಕೆ ಇದು ದೊಡ್ಡ ಸುದ್ದಿ, ನಿಜ. ಆದರೆ ಅದೂ ಕಣಜವಿಲ್ಲದ ಸ್ಥಾವರವೇ. ಮಳೆಗಾಲದ ಹೆಚ್ಚುವರಿಯನ್ನು ಅದು ಎಷ್ಟು ಹೆಚ್ಚಿಸಿತೋ, ಚಳಿಗಾಲದ ಕೊರತೆಯನ್ನು ಅಷ್ಟು ಕಡಿಮೆ ಮಾಡಲಿಲ್ಲ.

ಇನ್ನು ಈ ಕರೆಂಟನ್ನು ಬಳಸುವವರು ಯಾರು ಎಂದು ನೋಡೋಣ. ಏಳು ಲಕ್ಷ ಚಿಲ್ಲರೆ ಜನರ ದೀಪ, ಫ್ಯಾನು, ಅನ್ನ ಬೇಯಿಸುವ ಕುಕ್ಕರುಗಳಿಗೆ ಎಷ್ಟು ಬೇಕು? ದೇಶದೊಳಗೆ ಬಳಕೆಯಾಗುವ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಹೋಗುವುದು ಕಾರ್ಖಾನೆಗಳಿಗೆ. ಅದರಲ್ಲೂ ಫುಂಟ್‌ಶೋಲಿಂಗ್ ಪಕ್ಕದ ಪಸಾಖಾದಲ್ಲಿ ಸಾಲಾಗಿ ಕೂತಿರುವ ಫೆರೋಸಿಲಿಕಾನ್ ಕುಲುಮೆಗಳಿಗೆ. ಕಲ್ಲನ್ನು ಇದ್ದಿಲಿನ ಜೊತೆ ಕರಗಿಸಿ ಉಕ್ಕಿನ ಕಾರ್ಖಾನೆಗಳಿಗೆ ಬೇಕಾದ ಮಿಶ್ರಲೋಹ ಮಾಡುವ ಕೆಲಸ. ಅಗ್ಗದ ಕರೆಂಟು ಅದರ ಜೀವಾಳ. ಇದ್ದಿಲು ಭಾರತದಿಂದ ಬರುತ್ತದೆ, ಮಾಲು ಭಾರತಕ್ಕೇ ಹೋಗುತ್ತದೆ. ಕರೆಂಟನ್ನೇ ಗಟ್ಟಿ ಮಾಡಿ ಲಾರಿಯಲ್ಲಿ ಕಳಿಸಿದಂತೆ ಅನ್ನಬಹುದು. ಈ ಕುಲುಮೆಗಳು ಮಳೆಗಾಲದಲ್ಲಿ ಮಾತ್ರ ಉರಿಯುವುದಿಲ್ಲ. ಜನವರಿಯಲ್ಲೂ ಅವಕ್ಕೆ ಅಷ್ಟೇ ಹಸಿವು.

ಮತ್ತೊಂದು ಸಂಗತಿಯನ್ನು ಭೂತಾನಿನ ಹಸಿರು ಕೀರ್ತಿಯ ಬಗ್ಗೆ ಬರೆಯುವವರು ಬಿಟ್ಟುಬಿಡುತ್ತಾರೆ. ವಿದ್ಯುತ್ ಎಂದರೆ ಇಂಧನದ ಎಲ್ಲವೂ ಅಲ್ಲ. ಸುಮಾರು ಒಂದು ದಶಕದ ಹಿಂದಿನ ಸರ್ಕಾರಿ ಲೆಕ್ಕದಲ್ಲಿ ದೇಶದ ಒಟ್ಟು ಇಂಧನ ಬಳಕೆಯಲ್ಲಿ ವಿದ್ಯುತ್ತಿನ ಪಾಲು ಬರೀ ಶೇ 28ರ ಆಸುಪಾಸು. ಅದಕ್ಕಿಂತ ದೊಡ್ಡ ಪಾಲು ಸೌದೆಯದ್ದಾಗಿತ್ತು. ಉಳಿದದ್ದು ಡೀಸೆಲ್, ಪೆಟ್ರೋಲ್, ಕಲ್ಲಿದ್ದಲು. ಅಲ್ಲಿನ ಹಳೆಯ ಮನೆಗಳ ನಡುಮನೆಯಲ್ಲಿ ಬುಖಾರಿ ಎಂಬ ತಗಡಿನ ಒಲೆ ಇರುತ್ತದೆ. ಒಳಗೆ ಸೌದೆ, ಮೇಲೆ ಕೆಟಲು, ಹೊಗೆ ಹೋಗಲು ಮಾಡಿನವರೆಗೆ ಉದ್ದನೆಯ ಕೊಳವೆ. ಮನೆಮಂದಿ ಅದರ ಸುತ್ತ ಕೂತು ಬೆಣ್ಣೆ ಚಹಾ ಕುಡಿಯುತ್ತಾರೆ, ಅಲ್ಲೇ ಮಲಗುತ್ತಾರೆ. ನಮ್ಮ ಮಲೆನಾಡಿನ ಬಚ್ಚಲ ಒಲೆ ಮನೆಯೊಳಗೆ ಬಂದು ಕೂತಂತೆ. ಕರೆಂಟು ಬಂದ ಮೇಲೂ, ಗ್ಯಾಸು ಬಂದ ಮೇಲೂ ನಮ್ಮಲ್ಲಿ ಹಂಡೆಗೆ ಸೌದೆ ಹಾಕುವುದು ನಿಂತಿತೇ? ಅಲ್ಲೂ ಅಷ್ಟೆ. ಅನ್ನಕ್ಕೆ ಕುಕ್ಕರು, ಚಳಿಗೆ ಸೌದೆ.

ಸೌದೆಯಾದರೂ ಅವರ ಕಾಡಿನದು. ಎಣ್ಣೆ ಹನಿಹನಿಯೂ ಭಾರತದ ಗಡಿ ದಾಟಿಯೇ ಬರಬೇಕು. ಹೊಳೆಯ ನೀರಿನಿಂದ ಮಾಡಿದ ಕರೆಂಟು ತಂತಿಯಲ್ಲಿ ಕೆಳಗಿಳಿಯುತ್ತದೆ, ಡೀಸೆಲ್ ಟ್ಯಾಂಕರುಗಳು ಅದೇ ಬೆಟ್ಟಗಳನ್ನು ಏದುಸಿರಿನಲ್ಲಿ ಹತ್ತುತ್ತವೆ. ಪ್ರಧಾನಿ ತ್ಶೆರಿಂಗ್ ತೋಬ್ಗೆ 2014ರಲ್ಲೇ ವಿದ್ಯುತ್ ಕಾರುಗಳನ್ನು ತರುವ ಉತ್ಸಾಹ ತೋರಿಸಿದ್ದರು. ಲೆಕ್ಕ ಸರಿಯಾಗಿಯೇ ಇತ್ತು: ಸ್ವಂತ ಕರೆಂಟು, ಪುಟ್ಟ ದೇಶ, ಕಡಿಮೆ ದೂರ. ಆದರೆ ಕಾರಿನ ಬೆಲೆ, ಬೆಟ್ಟದ ಏರು, ಚಾರ್ಜಿಂಗ್ ಜಾಗಗಳ ಕೊರತೆ ಸೇರಿ ಅದು ತೆವಳುತ್ತಲೇ ಸಾಗಿದೆ. ಉಗುಳುವುದಕ್ಕಿಂತ ಹೆಚ್ಚು ಇಂಗಾಲ ಹೀರುವ ದೇಶ ಎಂಬ ಬಿರುದು ಭೂತಾನಿಗೆ ಬಂದಿರುವುದಕ್ಕೆ ಮೊದಲ ಕಾರಣ ಅಲ್ಲಿನ ಕಾಡು. 60 ಪ್ರತಿಶತ ನೆಲ ಸದಾಕಾಲ ಕಾಡಾಗಿಯೇ ಇರಬೇಕು ಎಂದು 2008ರ ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ. ಆ ಹೆಚ್ಚುಗಾರಿಕೆ ಟರ್ಬೈನಿಗಿಂತ ಮರಕ್ಕೆ ಸೇರಬೇಕಾದದ್ದು.

ಈಗ ಬಿಟ್‌ಕಾಯಿನ್ ಎಂಬ ಕಂಪ್ಯೂಟರ್ ನಾಣ್ಯದ ಕಥೆ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಎಲ್ಲಿಗೆ? ಪಕ್ಕದ ಹಳ್ಳಿಗಳಿಗಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು ನೂರೈವತ್ತು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬರಲು 1905 ಆಗಬೇಕಾಯಿತು. ನೀರು ಅಗ್ಗವಾಗಿ ಸಿಕ್ಕಲ್ಲಿ ಚಿನ್ನ ಹುಡುಕುವವರು ಬಂದೇ ಬರುತ್ತಾರೆ. ಭೂತಾನಿನಲ್ಲಿ ಹುಡುಕುವವರು ಹೊರಗಿನ ಕಂಪನಿಯಲ್ಲ, ಸರ್ಕಾರದ್ದೇ ಹೂಡಿಕೆ ಸಂಸ್ಥೆಯಾದ ಡ್ರುಕ್ ಹೋಲ್ಡಿಂಗ್ ಆಂಡ್ ಇನ್ವೆಸ್ಟ್‌ಮೆಂಟ್ಸ್. ಸದ್ದಿಲ್ಲದೆ ಶುರು ಮಾಡಿದ್ದ ಈ ಬಿಟ್‌ಕಾಯಿನ್ ಗಣಿಗಾರಿಕೆ ಹೊರಜಗತ್ತಿಗೆ ಸರಿಯಾಗಿ ಗೊತ್ತಾದದ್ದು 2023ರಲ್ಲಿ.

ಸಾಲುಸಾಲು ಕಂಪ್ಯೂಟರುಗಳು ಹಗಲೂ ರಾತ್ರಿ ಒಂದು ದೊಡ್ಡ ಲೆಕ್ಕದ ಉತ್ತರವನ್ನು ಊಹಿಸುತ್ತಾ ಕೂರುತ್ತವೆ, ಮೊದಲು ಹೊಂದಿಸಿದವರಿಗೆ ನಾಣ್ಯ. ಕರೆಂಟು ಬಿಟ್ಟರೆ ಬೇರೆ ಕಚ್ಚಾಮಾಲು ಬೇಡ, ಮಾಲು ಸಾಗಿಸಲು ಲಾರಿಯೂ ಬೇಡ. ಬೆಟ್ಟದ ತಂಪು ಗಾಳಿ ಯಂತ್ರದ ಬಿಸಿ ಇಳಿಸಲು ಪುಕ್ಕಟೆ. ಸಮುದ್ರವಿಲ್ಲದ, ರೈಲಿಲ್ಲದ ದೇಶಕ್ಕೆ ಇದಕ್ಕಿಂತ ಒಪ್ಪುವ ರಫ್ತು ಯಾವುದು ಎಂಬುದು ಅವರ ವಾದ. ಜೊತೆಗೆ, ನಾಲ್ಕು ರೂಪಾಯಿಗೆ ಭಾರತಕ್ಕೆ ಮಾರಿಬಿಡಬೇಕಾದ ಮಳೆಗಾಲದ ಯೂನಿಟ್ಟನ್ನು ನಾಣ್ಯ ಮಾಡಿ ಇಟ್ಟುಕೊಂಡರೆ ಬೆಲೆ ಬಂದಾಗ ಮಾರಬಹುದು. ಅಂದರೆ ಇಲ್ಲದ ಕಣಜವನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಳ್ಳುವ ಪ್ರಯತ್ನ. 2024ರ ಸೆಪ್ಟೆಂಬರ್ ಹೊತ್ತಿಗೆ ಸರ್ಕಾರದ ಬಳಿ ಸುಮಾರು 13,000 ಬಿಟ್‌ಕಾಯಿನ್ ಇದ್ದವು. ದೇಶಗಳ ಸಾಲಿನಲ್ಲಿ ಮುಂಚೂಣಿಯ ಸ್ಥಾನ. ಯುವಕರು ಗುಂಪುಗುಂಪಾಗಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾಗ ಸರ್ಕಾರಿ ನೌಕರರ ಸಂಬಳ ಏರಿಸಲು ಈ ದುಡ್ಡೂ ಒದಗಿತು.

ಬುದ್ಧಿವಂತಿಕೆ ಇಲ್ಲ ಎನ್ನಲಾರೆ. ಆದರೆ ಈ ಕಣಜದಲ್ಲಿ ಇಟ್ಟದ್ದನ್ನು ಜನವರಿಯಲ್ಲಿ ತೆಗೆದು ಹೀಟರಿಗೆ ಹಾಕಲು ಬರುವುದಿಲ್ಲ. ಮಾರಿ, ರೂಪಾಯಿ ಮಾಡಿ, ಕರೆಂಟು ಕೊಳ್ಳಬೇಕು. ನಾಣ್ಯದ ಬೆಲೆ ಬಿದ್ದ ವರ್ಷ ಕಣಜಕ್ಕೆ ಹೆಗ್ಗಣ ಬಿದ್ದಂತೆಯೇ. 2024ರ ಏಪ್ರಿಲ್‌ನಲ್ಲಿ ಪ್ರತಿ ಸುತ್ತಿಗೆ ಸಿಗುವ ನಾಣ್ಯ 6.25ರಿಂದ 3.125ಕ್ಕೆ ಇಳಿಯಿತು, ಅದು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತಲೇ ಹೋಗುವ ಏರ್ಪಾಡು. ಅಂದರೆ ಅಷ್ಟೇ ಕರೆಂಟಿಗೆ ಅರ್ಧ ಫಸಲು. ಯಂತ್ರಗಳೂ ಬೇಗ ಹಳತಾಗುತ್ತವೆ. ಹಾಕಿದ ದುಡ್ಡು ಹುಟ್ಟಬೇಕಾದರೆ ಅವು ವರ್ಷವಿಡೀ ಓಡಬೇಕು, ಚಳಿಗಾಲದಲ್ಲಿ ನಿಲ್ಲಿಸಿದರೆ ನಷ್ಟ, ಓಡಿಸಿದರೆ ಕರೆಂಟಿನ ಕೊರತೆ. 2022ರ ಆಮದು ಪಟ್ಟಿಯಲ್ಲಿ ಈ ಯಂತ್ರಗಳು ಮೇಲಕ್ಕೆ ಏರಿ ವಿದೇಶಿ ವಿನಿಮಯದ ಸಂಗ್ರಹ ಕರಗಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಗ್ರಹ ಉಳಿಸಲೆಂದು ಸರ್ಕಾರ ಜನರ ಕಾರು ಆಮದಿಗೆ ತಡೆ ಹಾಕಿತ್ತು.

ಚಳಿಗಾಲದ ಖರೀದಿಯ ಲೆಕ್ಕ ಹೇಗೆ ಎಂಬುದಕ್ಕೆ ಭಾರತದ ಪೇಟೆಯನ್ನು ನೋಡಬೇಕು. ವಿನಿಮಯ ಕೇಂದ್ರದಲ್ಲಿ ಕರೆಂಟಿನ ಬೆಲೆ ದಿನವಿಡೀ ಒಂದೇ ಇರುವುದಿಲ್ಲ. ಮಧ್ಯಾಹ್ನ ಸೌರ ಫಲಕಗಳೆಲ್ಲ ಒಟ್ಟಿಗೆ ದುಡಿಯುವಾಗ ಯೂನಿಟ್ಟಿಗೆ ಎರಡು ಮೂರು ರೂಪಾಯಿಗೂ ಇಳಿಯುತ್ತದೆ. ಸೂರ್ಯ ಮುಳುಗಿ ಎಲ್ಲರ ಮನೆಯ ದೀಪ ಹತ್ತಿದಾಗ ಜಿಗಿಯುತ್ತದೆ. ಗರಿಷ್ಠ ಮಿತಿಯನ್ನು 10 ರೂಪಾಯಿಗೆ ಕಟ್ಟಿಹಾಕಿದ್ದಾರೆ, ಬೇಡಿಕೆ ಬಿಗಿಯಾದ ದಿನಗಳ ಸಂಜೆ ಅದು ಆ ಮಿತಿಯನ್ನೇ ಮುಟ್ಟುವುದುಂಟು. ಇಲ್ಲಿ ಕರ್ನಾಟಕಕ್ಕೂ ಒಂದು ಎಳೆ ಇದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗಕ್ಕೆ ವಿದ್ಯುತ್ ಹರಿದು ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿತು. ಭೂತಾನೂ ಅದೇ ಜಾಲಕ್ಕೆ ಹೊಂದಿಕೊಂಡಿದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿನ ಮೇಲೆ ಮೋಡ ಮುಸುಕಿದ್ದೂ, ವಾಂಗ್‌ಛು ಹೊಳೆಯಲ್ಲಿ ನೀರು ಏರಿದ್ದೂ ಒಂದೇ ಜಾಲದ ಸಂಗತಿಗಳು. ಪಾವಗಡದ ಫಲಕದ ಕರೆಂಟೇ ಥಿಂಫುವಿಗೆ ಹೋಗುತ್ತದೆ ಎಂದಲ್ಲ. ಆದರೆ ಮಧ್ಯಾಹ್ನದ ಬೆಲೆ ಇಳಿಸಿದವರಲ್ಲಿ ಪಾವಗಡವೂ ಒಬ್ಬ.

ಇಲ್ಲಿಯೇ ಭೂತಾನಿಗೆ ಒಂದು ದಾರಿ ಕಾಣುತ್ತದೆ, ನನ್ನ ಮಟ್ಟಿಗೆ ಹೊಸ ದೊಡ್ಡ ಸ್ಥಾವರಗಳಿಗಿಂತ ಮುಖ್ಯವಾದದ್ದು. ಸ್ಥಾವರಗಳ ಕಟ್ಟೆಯ ಹಿಂದೆ ಕೆಲವು ತಾಸಿನ ನೀರಾದರೂ ನಿಲ್ಲುತ್ತದಲ್ಲ? ಚಳಿಗಾಲದ ಮಧ್ಯಾಹ್ನ ಭಾರತದ ಅಗ್ಗದ ಸೌರ ಕರೆಂಟು ಕೊಂಡು ಯಂತ್ರ ನಿಲ್ಲಿಸಿ ನೀರು ಹಿಡಿದಿಟ್ಟರೆ, ಸಂಜೆಯ ದುಬಾರಿ ತಾಸುಗಳಲ್ಲಿ ಅದನ್ನೇ ಬಿಟ್ಟು ಕೊಳ್ಳುವುದನ್ನು ತಪ್ಪಿಸಿಕೊಳ್ಳಬಹುದು. ಕಣಜವಿಲ್ಲದಿದ್ದರೂ ಗಡಿಗೆ ಇದೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ (ಕರೆಂಟು ಅಗ್ಗವಾದಾಗ ನೀರು ಮೇಲೆತ್ತಿ, ಬೇಕಾದಾಗ ಇಳಿಸುವ ಸ್ಥಾವರ) ಬೇಕೋ ಬೇಡವೋ ಎಂದು ನಾವು ಜಗಳ ಮಾಡುತ್ತಿರುವುದೂ ಕರೆಂಟಿನ ಪ್ರಮಾಣಕ್ಕಲ್ಲ, ಹೊತ್ತಿಗೆ.

ತಿಂಗಳುಗಟ್ಟಲೆ ನೀರು ಹಿಡಿಯುವ ನಿಜವಾದ ಕಣಜದ ಯೋಚನೆ ಇಲ್ಲವೆಂದಲ್ಲ. ಚುಖಾದ ಮೇಲ್ಗಡೆ ಬುನಾಖಾ ಎಂಬಲ್ಲಿ ಜಲಾಶಯ ಕಟ್ಟಿದರೆ ಅಲ್ಲಿನ 180 ಮೆಗಾವ್ಯಾಟ್ ಒಂದೇ ಲಾಭವಲ್ಲ. ಚಳಿಗಾಲದಲ್ಲಿ ಬಿಟ್ಟ ಅದೇ ನೀರು ಕೆಳಗೆ ಚುಖಾವನ್ನೂ ತಾಲಾವನ್ನೂ ತಿರುಗಿಸುತ್ತದೆ. ಒಂದು ಕೆರೆ ಕಟ್ಟಿ ಮೂರು ಗದ್ದೆಗೆ ನೀರು. ಆದರೆ ಕೆರೆ ಕಟ್ಟುವವನೊಬ್ಬ, ಗದ್ದೆ ಇನ್ನೊಬ್ಬನದಾದರೆ ಖರ್ಚು ಯಾರ ತಲೆಗೆ? ಕೆಳಗಿನ ಲಾಭಕ್ಕೆ ಬೆಲೆ ಕಟ್ಟುವ ಈ ಪ್ರಶ್ನೆಯಲ್ಲೇ ಅದು ವರ್ಷಗಳಿಂದ ಸಿಕ್ಕಿಕೊಂಡಿದೆ. ಇದಕ್ಕಿಂತ ಹಲವು ಪಟ್ಟು ದೊಡ್ಡದಾದ ಸಂಕೋಶ್ ಜಲಾಶಯದ ಮಾತು ದಶಕಗಳಿಂದ ನಡೆದಿದೆ, ಇಟ್ಟಿಗೆ ಬಿದ್ದಿಲ್ಲ. ಜಲಾಶಯವೆಂದರೆ ಮುಳುಗಡೆಯೂ ಹೌದು ಎಂಬುದನ್ನು ಲಿಂಗನಮಕ್ಕಿಯ ನಾಡಿನವರಾಗಿ ನಾವು ಮರೆಯಬಾರದು. ಹೊಳೆಯ ಓಟದ ಸ್ಥಾವರಗಳಿಂದ ಭೂತಾನ್ ಇಲ್ಲಿಯವರೆಗೆ ಅಂಥ ದೊಡ್ಡ ಎತ್ತಂಗಡಿ ಮಾಡದೆ ಉಳಿದದ್ದು ಸಣ್ಣ ವಿಷಯವಲ್ಲ. ಮೇಲೆ ಬೆಟ್ಟದ ತಲೆಯಲ್ಲಿ ಹಿಮ ಕರಗಿ ನಿಂತ ಹಿಮಗೆರೆಗಳ ಭಯ ಬೇರೆ. 1994ರ ಅಕ್ಟೋಬರ್‌ನಲ್ಲಿ ಲುನಾನಾದ ಲುಗ್ಗೆ ಸರೋವರ ಒಡೆದು ಬಂದ ನೀರು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದು ಪುನಾಖಾದ ಕೋಟೆಗೂ ಪೆಟ್ಟು ಕೊಟ್ಟಿತು. ಪುನಾತ್ಸಾಂಗ್‌ಛು ಸ್ಥಾವರಗಳು ನಿಂತಿರುವುದು ಅದೇ ನೀರಿನ ಹಾದಿಯಲ್ಲಿ.

ಸೌರಶಕ್ತಿಗೆ ಭೂತಾನ್ ತಡವಾಗಿ ಬಂತು. ಹೊಳೆ ಇರುವಾಗ ಬಿಸಿಲು ಯಾಕೆ ಎಂಬ ಧೋರಣೆ ಇತ್ತು. ರುಬೆಸಾ ಎಂಬ ಹಳ್ಳಿಯಲ್ಲಿ 2016ರಲ್ಲಿ 300 ಕಿಲೋವ್ಯಾಟಿನ ಎರಡು ಗಾಳಿಯಂತ್ರ, 2021ರಲ್ಲಿ 180 ಕಿಲೋವ್ಯಾಟಿನ ಸೌರ ಘಟಕ, ಇವು ಹೆಚ್ಚುಕಮ್ಮಿ ಪ್ರಯೋಗಗಳೇ. ಮೊದಲ ದೊಡ್ಡ ಸೌರ ಸ್ಥಾವರ ಸೆಫು ಎಂಬಲ್ಲಿ ಎದ್ದಿದೆ, ಇಪ್ಪತ್ತು ಮೆಗಾವ್ಯಾಟಿನ ಆಸುಪಾಸು. ಪಾವಗಡ ನೋಡಿದವರಿಗೆ ನಗು ಬರಬಹುದು. ಆದರೆ ಇದರ ಬೆಲೆ ಮೆಗಾವ್ಯಾಟಿನಲ್ಲಿಲ್ಲ. ಹಿಮಾಲಯದ ಈ ಭಾಗದಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಆಕಾಶ ತೊಳೆದಿಟ್ಟಂತೆ ಶುಭ್ರ. ಮಳೆಗಾಲದಲ್ಲಿ ಮೋಡ. ಹೊಳೆ ಬತ್ತಿದಾಗ ಬಿಸಿಲು, ಬಿಸಿಲಿಲ್ಲದಾಗ ಹೊಳೆ. ಇಷ್ಟು ಚೆನ್ನಾಗಿ ಕೂಡಿ ಬರುವ ಜೋಡಿ ಎಲ್ಲ ದೇಶಕ್ಕೂ ಸಿಗುವುದಿಲ್ಲ. ಅಡ್ಡಿಯೆಂದರೆ ಸಮತಟ್ಟು ಜಾಗ. ಇರುವ ಸ್ವಲ್ಪ ಸಮತಟ್ಟು ನೆಲದಲ್ಲಿ ಗದ್ದೆ, ಊರು, ವಿಮಾನ ನಿಲ್ದಾಣ.

ಹಾಗಾಗಿ 2024ರ ನಂತರ ಸಾಲಾಗಿ ಬಂದಿರುವ ಹೊಸ ಪಾಲುದಾರರನ್ನು ಈ ಅಳತೆಗೋಲಿನಲ್ಲೇ ನೋಡಬೇಕು. ಟಾಟಾ ಪವರ್ ಖೋರ್ಲೋಛು ಮತ್ತು ಡೋರ್ಜಿಲುಂಗ್ ಜಲವಿದ್ಯುತ್ ಯೋಜನೆಗಳಲ್ಲಿ ಕೈಜೋಡಿಸಿದೆ, ಅದಾನಿ 570 ಮೆಗಾವ್ಯಾಟಿನ ವಾಂಗ್‌ಛು ಯೋಜನೆಗೆ ಬಂದಿದೆ, ರಿಲಯನ್ಸ್ ಗೆಲೆಫುವಿನಲ್ಲಿ 500 ಮೆಗಾವ್ಯಾಟ್ ಸೌರ ಘಟಕದ ಮಾತಾಡಿದೆ. ಬಂಡವಾಳಕ್ಕೆ ದಿಲ್ಲಿಯ ಸರ್ಕಾರ ಒಂದನ್ನೇ ನೆಚ್ಚಿಕೊಳ್ಳಬೇಕಿಲ್ಲ ಎಂಬುದು ಭೂತಾನಿಗೆ ಲಾಭವೇ. ಆದರೆ ಖಾಸಗಿಯವರು ಅನುದಾನ ತರುವುದಿಲ್ಲ. ಪಟ್ಟಿಯಲ್ಲಿ ನನಗೆ ಆಸಕ್ತಿ ಹುಟ್ಟಿಸುವುದು ದೊಡ್ಡ ಜಲವಿದ್ಯುತ್ ಅಂಕಿಗಳಲ್ಲ, ಗೆಲೆಫುವಿನ ಆ ಸೌರ ಘಟಕ. ಅಸ್ಸಾಮಿನ ಗಡಿಗೆ ತಾಗಿದ ಗೆಲೆಫು ಬಯಲುಸೀಮೆ, ಜಾಗವೂ ಇದೆ, ಬಿಸಿಲೂ ಇದೆ. ಜನವರಿಯ ಮಧ್ಯಾಹ್ನ ಅಲ್ಲಿ 500 ಮೆಗಾವ್ಯಾಟ್ ಸಿಕ್ಕರೆ ಅದು ಜುಲೈಯ ಸಾವಿರಕ್ಕಿಂತ ಮೇಲು.

ಅಲ್ಲಿಯವರೆಗೆ ಚಳಿಗಾಲದ ಕೆಲಸ ಹೀಗೇ ನಡೆಯುತ್ತದೆ. ಮರುದಿನವನ್ನು ಹದಿನೈದು ಹದಿನೈದು ನಿಮಿಷದ 96 ತುಂಡುಗಳಾಗಿ ಕತ್ತರಿಸಿ, ಯಾವ ತುಂಡಿಗೆ ಎಷ್ಟು ಯೂನಿಟ್ ಬೇಕು, ಎಷ್ಟರವರೆಗೆ ಕೊಡಬಲ್ಲೆವು ಎಂದು ಬೆಳಿಗ್ಗೆಯೇ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಮಧ್ಯಾಹ್ನದ ತುಂಡುಗಳು ಸಲೀಸಾಗಿ ಸಿಗುತ್ತವೆ. ಸಂಜೆ ಆರರಿಂದ ಒಂಬತ್ತರವರೆಗಿನ ಹನ್ನೆರಡು ತುಂಡುಗಳಿಗೆ ಬೆಲೆ ಬರೆಯುವಾಗಲೇ ಕೈ ತಡೆಯುವುದು. ಅದೇ ಹೊತ್ತಿಗೆ ಪಸಾಖಾದ ಕುಲುಮೆಗಳು ಉರಿಯುತ್ತಿರುತ್ತವೆ, ಥಿಂಫುವಿನ ಹೀಟರುಗಳು ಹತ್ತುತ್ತವೆ, ಹಳ್ಳಿಯ ಬುಖಾರಿಗೆ ಯಾರೋ ಇನ್ನೆರಡು ಸೌದೆ ತುರುಕುತ್ತಾರೆ.